ಉಬ್ಬಸದ ಅಳತೆ

ಒಂದೇ ಮಾತು ನಾಲ್ಕು ಕೆಲಸ ಮಾಡುವುದನ್ನು ನೋಡಬೇಕಾದರೆ ಬಳ್ಳಾರಿ ಸೀಮೆಯ 'ದಮ್ಮು' ಎಂಬ ಮಾತನ್ನು ನೋಡಬೇಕು. ಬೀಡಿ ಸೇದುವವನು ಎಳೆಯುವುದು ದಮ್ಮು. ಕುಸ್ತಿಯ ಕಣದಲ್ಲಿ ತೊಡೆ ತಟ್ಟಿ ಎದುರಾಳಿಯನ್ನು ಕರೆಯುವವನು "ದಮ್ಮಿದ್ರೆ ಬಾ" ಎನ್ನುತ್ತಾನೆ. ಗುಡ್ಡ ಏರಿ ಬಂದವನಿಗೆ ಹತ್ತುವುದೂ ದಮ್ಮೇ. ಕೊನೆಗೆ, ನಡುರಾತ್ರಿ ಎದ್ದು ಕುಳಿತು, ಎರಡೂ ಕೈಗಳನ್ನು ಮಂಚದ ಅಂಚಿಗೆ ಊರಿ ಉಸಿರಿಗಾಗಿ ಹೋರಾಡುವ ಮುದುಕಿಯ ವಿಷಯದಲ್ಲಿ ಮನೆಯವರು ಹೇಳುವುದೂ ಅದನ್ನೇ: "ಆಕಿಗೆ ದಮ್ಮು ಐತ್ರಿ." ಪಾರಸಿಯಲ್ಲಿ 'ದಮ್' ಎಂದರೆ ಬರಿಯ ಉಸಿರು. ಉಸಿರಿನ ಹೆಸರೇ ಉಸಿರು ಸಾಲದ ರೋಗಕ್ಕೆ ಹೆಸರಾದುದು ಭಾಷೆಯ ವಿನೋದಗಳಲ್ಲೊಂದು. 'ದಮ್ಮಯ್ಯ' ಎಂದು ಅಂಗಲಾಚುವಾಗ ಬರುವ ದಮ್ಮ ಮಾತ್ರ ಬೇರೆ. ಅದು ಧರ್ಮದ ತದ್ಭವ. ಆದರೆ ಉಬ್ಬಸದವನು ಡಾಕ್ಟರ ಮುಂದೆ ಕುಳಿತಾಗ ಎರಡೂ ಒಟ್ಟಿಗೆ ಕೂಡಿಕೊಳ್ಳುವುದುಂಟು.

ಈ ರೋಗಕ್ಕೆ ಕನ್ನಡದಲ್ಲಿ ಹೆಸರುಗಳ ಬಡತನವಿಲ್ಲ. ಗೂರಲು ಎಂಬುದು ಹಳಬರ ಮಾತು. ಎದೆಯೊಳಗಿನ ಗೊರಗೊರ ಸದ್ದು ಆ ಹೆಸರಿನಲ್ಲಿಯೇ ಕೇಳಿಸುತ್ತದೆ. ಉಬ್ಬಸ ಎಂಬುದಕ್ಕೆ ಹಳೆಯ ಕಾವ್ಯಗಳಲ್ಲಿ ಬರಿಯ ಸಂಕಟ, ಆಯಾಸ ಎಂಬ ಅರ್ಥವೂ ಉಂಟು. ಪಂಡಿತರು ಶ್ವಾಸರೋಗ ಎನ್ನುತ್ತಾರೆ, ಪೇಟೆಯವರು ಅಸ್ತಮಾ ಎನ್ನುತ್ತಾರೆ. ಇದು ಗ್ರೀಕರ ಮಾತು, ಏದುಸಿರು ಎಂದೇ ಅದರ ಅರ್ಥ. ಇಷ್ಟು ಹೆಸರುಗಳಿದ್ದರೂ ಇವುಗಳಲ್ಲಿ ಯಾವುದೂ ಒಂದು ಪ್ರಶ್ನೆಗೆ ಉತ್ತರ ಕೊಡದು. ಎಷ್ಟು? ನಿನ್ನೆಗಿಂತ ಇಂದು ಹೆಚ್ಚೋ, ಕಡಮೆಯೋ? ಜ್ವರಕ್ಕೆ ಥರ್ಮಾಮೀಟರು ಉಂಟು. ರಕ್ತದೊತ್ತಡಕ್ಕೆ ತೋಳಿಗೆ ಸುತ್ತುವ ಪಟ್ಟಿ ಉಂಟು. ಉಬ್ಬಸಕ್ಕೂ ಒಂದು ಅಳತೆಗೋಲು ಉಂಟೆಂಬುದು, ಅದೂ ಮನೆಯಲ್ಲಿಯೇ ಇಟ್ಟುಕೊಳ್ಳಬಹುದಾದಷ್ಟು ಸರಳವೆಂಬುದು, ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಆ ಅಳತೆ ಸಿದ್ಧವಾಗಲು ನೂರು ವರ್ಷಕ್ಕೂ ಮೇಲೆ ಹಿಡಿಯಿತು. ಅದರ ಕಥೆಯಲ್ಲಿ ಮದರಾಸು, ಬೆಂಗಳೂರು, ಕೋಲಾರಗಳಿಗೂ ಪಾಲುಂಟು.

ರೋಗದ ಸ್ವಭಾವವನ್ನು ಮೊದಲು ತಿಳಿಯಬೇಕು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಶ್ವಾಸರೋಗವನ್ನು ಮಹಾ, ಊರ್ಧ್ವ, ಛಿನ್ನ, ತಮಕ, ಕ್ಷುದ್ರ ಎಂದು ಐದು ಬಗೆಯಾಗಿ ವಿಂಗಡಿಸಿದೆ. ಇವುಗಳಲ್ಲಿ ತಮಕಶ್ವಾಸದ ವರ್ಣನೆಯನ್ನು ಓದಿದರೆ ಇಂದಿನ ವೈದ್ಯರೂ ತಲೆದೂಗಬೇಕು. ರೋಗಿ ಮಲಗಲಾರ, ಕುಳಿತರೆ ಸ್ವಲ್ಪ ನೆಮ್ಮದಿ; ಕಫ ಹೊರಬಿದ್ದರೆ ಗಳಿಗೆ ಹೊತ್ತು ಸುಖ; ಬಿಸಿಯಾದುದನ್ನು ಬಯಸುತ್ತಾನೆ; ಮೋಡ, ಮಳೆ, ಚಳಿ, ಮೂಡಣ ಗಾಳಿಗಳಿಂದ ಬೇನೆ ಹೆಚ್ಚುತ್ತದೆ. ಅಂದರೆ ಇದು ಬಂದು ಹೋಗುವ ರೋಗ. ಒಂದು ಗಂಟೆ ಇದ್ದು ಇನ್ನೊಂದು ಗಂಟೆ ಇಲ್ಲದಿರುವುದೇ ಇದರ ಗುರುತು.

ತೊಡಕು ಇರುವುದೂ ಅಲ್ಲಿಯೇ. ಇಟ್ಟಿಗಿಯ ಒಬ್ಬನಿಗೆ ರಾತ್ರಿ ಮೂರು ಗಂಟೆಗೆ ಉಸಿರು ಕಟ್ಟುತ್ತದೆ ಎಂದಿಟ್ಟುಕೊಳ್ಳಿ. ಬೆಳಗಾಗುವವರೆಗೆ ಕುಳಿತೇ ಕಳೆದು, ಬಸ್ಸು ಹಿಡಿದು ಹೂವಿನಹಡಗಲಿಗೆ ಬರುತ್ತಾನೆ. ದೊಡ್ಡ ಆಸ್ಪತ್ರೆಯೇ ಬೇಕೆಂದು ಬಳ್ಳಾರಿಗೆ ಹೊರಟರೆ ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಅಲ್ಲಿ ಸರದಿ ಬರುವ ಹೊತ್ತಿಗೆ ಮಧ್ಯಾಹ್ನವಾಗಿರುತ್ತದೆ, ಎದೆ ಹಗುರಾಗಿರುತ್ತದೆ. ಸ್ಟೆತಾಸ್ಕೋಪಿಗೆ ಏನೂ ಕೇಳಿಸುವುದಿಲ್ಲ. "ಏನೂ ಇಲ್ಲ, ಹೋಗಪ್ಪ" ಎಂದರೆ ಅವನು ಸುಳ್ಳುಗಾರನಾಗುತ್ತಾನೆ. ಇದಕ್ಕೆ ತಿರುಗುಮುರುಗಾದುದೂ ನಡೆಯುತ್ತದೆ. ಕೆಮ್ಮಿ ಕೆಮ್ಮಿ ಬಳಲಿದವನೊಬ್ಬ ಬಂದರೆ, ಅದು ಕ್ಷಯವೋ, ಹೃದಯದ ದೋಷವೋ, ಬೀಡಿಯ ಹೊಗೆಯಿಂದ ಶಾಶ್ವತವಾಗಿ ಕೆಟ್ಟ ಶ್ವಾಸಕೋಶವೋ ಎಂದು ನೋಡದೆ ದಮ್ಮು ಎಂಬ ಚೀಟಿ ಅಂಟಿಸಿ, ವರ್ಷಗಟ್ಟಲೆ ಗುಳಿಗೆ ನುಂಗಿಸುವುದು. ಇದ್ದುದನ್ನು ಇಲ್ಲವೆನ್ನುವುದು, ಇಲ್ಲದುದನ್ನು ಇದೆಯೆನ್ನುವುದು, ಎರಡಕ್ಕೂ ಕಾರಣ ಒಂದೇ: ಕಿವಿಯಿಂದ ಕೇಳಿದ್ದನ್ನೂ ಬಾಯಿಂದ ಹೇಳಿದ್ದನ್ನೂ ಒರೆಗೆ ಹಚ್ಚುವ ಸಾಧನ ಕೈಯಲ್ಲಿ ಇಲ್ಲದಿರುವುದು.

ಉಬ್ಬಸದಲ್ಲಿ ಕೆಡುವುದು ಏನು? ಕಮ್ಮಾರನ ತಿದಿಯನ್ನು ನೆನೆಯಿರಿ. ತಿದಿ ಗಟ್ಟಿಯಾಗಿದೆ, ಅದರಲ್ಲಿ ಗಾಳಿ ತುಂಬಾ ತುಂಬಿದೆ. ಆದರೆ ಗಾಳಿ ಹೊರಬರುವ ಕೊಳವೆಯೊಳಗೆ ಮಸಿ ಕಟ್ಟಿ ದಾರಿ ಕಿರಿದಾಗಿದೆ. ಎಷ್ಟೇ ಒತ್ತಿದರೂ ಗಾಳಿ ಸಿಳ್ಳೆ ಹಾಕುತ್ತ ಸಣ್ಣಗೆ ಬರುತ್ತದೆ. ಉಬ್ಬಸದವನ ಶ್ವಾಸನಾಳಗಳ ಸ್ನಾಯುಗಳು ಬಿಗಿದುಕೊಳ್ಳುತ್ತವೆ, ಒಳಪದರ ಊದಿಕೊಳ್ಳುತ್ತದೆ, ಮೇಲೆ ಕಫ ಬೇರೆ. ಒಳಗೆಳೆದುಕೊಂಡ ಉಸಿರು ಹೊರಬರಲು ಹೆಣಗುತ್ತದೆ. ಆದ್ದರಿಂದ ಎದೆಯಲ್ಲಿ ಗಾಳಿ ಎಷ್ಟು ಹಿಡಿಯುತ್ತದೆ ಎಂಬುದಕ್ಕಿಂತ ಎಷ್ಟು ಬೇಗ ಹೊರಬರುತ್ತದೆ ಎಂದು ಕೇಳುವುದು ಇಲ್ಲಿ ಮುಖ್ಯ. ಓದುವುದಕ್ಕೆ ಇದು ಸುಲಭವಾಗಿ ಕಾಣುತ್ತದೆ, ಸರಿಯಷ್ಟೆ. ವೈದ್ಯಲೋಕಕ್ಕೆ ಇದು ಹೊಳೆಯಲು ಒಂದು ಶತಮಾನ ಬೇಕಾಯಿತು.

ಈ ರೋಗವನ್ನು ಕುರಿತು ಇಂಗ್ಲಿಷಿನಲ್ಲಿ ಪ್ರಸಿದ್ಧವಾದ ಗ್ರಂಥ ಬರೆದ ಜಾನ್ ಫ್ಲಾಯರ್ ಸ್ವತಃ ಉಬ್ಬಸದಿಂದ ನರಳಿದವನು. ಅವನ ಗ್ರಂಥ ೧೬೯೮ರದು. ನಾಡಿಯನ್ನು ಗಡಿಯಾರ ಹಿಡಿದು ಎಣಿಸುವುದನ್ನು ವೈದ್ಯರಿಗೆ ಹೇಳಿಕೊಟ್ಟವರಲ್ಲಿ ಅವನು ಮೊದಲಿಗ. ಆ ಪುಸ್ತಕ ಬಂದದ್ದು ೧೭೦೭ರಲ್ಲಿ. ನಾಡಿಗೆ ಲೆಕ್ಕ ಕಂಡುಕೊಂಡ ಅವನಿಗೂ ತನ್ನನ್ನೇ ಕಾಡಿದ ಉಸಿರಿಗೆ ಲೆಕ್ಕ ಸಿಕ್ಕಲಿಲ್ಲ. ಲೆಕ್ಕಕ್ಕಿಂತ ಮೊದಲೇ ಮದ್ದು ಸಿಕ್ಕಿತು, ಅದೂ ನಮ್ಮ ಕಡೆಯಿಂದ. ೧೮೦೦ರಲ್ಲಿ ಬಳ್ಳಾರಿ ಸೀಮೆ ನಿಜಾಮನಿಂದ ಕಂಪನಿ ಸರ್ಕಾರಕ್ಕೆ ಸಂದು ಮದರಾಸಿಗೆ ಸೇರಿತಷ್ಟೆ. ಆ ಹೊತ್ತಿನಲ್ಲಿ ಮದರಾಸಿನಲ್ಲಿದ್ದ ಜೇಮ್ಸ್ ಆಂಡರ್ಸನ್ ಎಂಬ ವೈದ್ಯನು ಉಬ್ಬಸಕ್ಕೆ ಉಮ್ಮತ್ತಿಯ ಹೊಗೆ ಸೇದುವ ದೇಶೀಯ ಪದ್ಧತಿಯನ್ನು ಮೆಚ್ಚಿಕೊಂಡಿದ್ದನು. ೧೮೦೨ರಲ್ಲಿ ಜೆಂಟ್ ಎಂಬ ಸೇನಾಧಿಕಾರಿಯ ಮೂಲಕ ಅದು ಎಡಿನ್‌ಬರೊ ನಗರವನ್ನು ಮುಟ್ಟಿತು. ಮುಂದೆ ನೂರು ವರ್ಷಕ್ಕೂ ಮಿಕ್ಕು ಯೂರೋಪಿನ ಔಷಧದಂಗಡಿಗಳಲ್ಲಿ ಉಮ್ಮತ್ತಿಯ ಸಿಗರೇಟುಗಳು ಮಾರಾಟವಾದುವು. ಉಮ್ಮತ್ತಿ ವಿಷದ ಗಿಡ. ಯಾರೂ ಪ್ರಯೋಗ ಮಾಡಬಾರದು. ಆದರೆ ಅದರೊಳಗಿನ ಸತ್ವದ ಸೋದರ ಸಂಬಂಧಿಯೊಂದು ಇಂದಿಗೂ ಆಸ್ಪತ್ರೆಯ ನೆಬ್ಯುಲೈಸರಿನಲ್ಲಿ ಕೆಲಸ ಮಾಡುತ್ತಿದೆ. ಬೇಲಿಯ ಗಿಡ ಇಲ್ಲಿಂದ ಅಲ್ಲಿಗೆ ಹೋಯಿತು. ಅಳತೆಯ ಯಂತ್ರ ಅಲ್ಲಿಂದ ಇಲ್ಲಿಗೆ ಬರಬೇಕಾಯಿತು.

ಆ ಯಂತ್ರವನ್ನು ಲೋಕದ ಮುಂದಿಟ್ಟವನು ಜಾನ್ ಹಚಿನ್‌ಸನ್ ಎಂಬ ಇಂಗ್ಲಿಷ್ ವೈದ್ಯ. ೧೮೪೬ರಲ್ಲಿ ಪ್ರಕಟವಾದ ಅವನ ದೀರ್ಘ ಲೇಖನ ಈ ಶಾಸ್ತ್ರದ ಮೂಲಗ್ರಂಥವೆನ್ನಬಹುದು. ನೀರು ತುಂಬಿದ ತೊಟ್ಟಿಯಲ್ಲಿ ಗಂಟೆಯಾಕಾರದ ಪಾತ್ರೆಯೊಂದನ್ನು ಬೋರಲು ಹಾಕಿ, ರಾಟೆಗೆ ತೂಕ ಕಟ್ಟಿ ತೂಗುಬಿಟ್ಟಿದ್ದನು. ಎದೆ ತುಂಬ ಗಾಳಿ ಎಳೆದುಕೊಂಡವನು ಕೊಳವೆಯಲ್ಲಿ ಊದಿದರೆ ಪಾತ್ರೆ ಮೇಲೇಳುತ್ತದೆ. ಎಷ್ಟು ಮೇಲೆದ್ದಿತೆಂಬುದನ್ನು ಪಕ್ಕದ ಅಳತೆಪಟ್ಟಿ ತೋರಿಸುತ್ತದೆ. ಇದಕ್ಕೆ ಸ್ಪೈರೊಮೀಟರ್ ಎಂದು ಹೆಸರಿಟ್ಟನು. ಊದಿದ ಗಾಳಿಯ ಮೊತ್ತಕ್ಕೆ 'ಜೀವ ಸಾಮರ್ಥ್ಯ' ಎಂಬ ಅರ್ಥ ಬರುವ ಹೆಸರು ಕೊಟ್ಟನು. ೨೧೩೦ ಮಂದಿಯ ಉಸಿರನ್ನು ಅಳೆದನೆಂದರೆ ಅವನ ಹಟ ಎಂಥದೆಂಬುದು ವಿದಿತವಾಗುತ್ತದೆ. ನಾವಿಕರು, ಪೋಲೀಸಿನವರು, ಬೆಂಕಿ ಆರಿಸುವವರು, ಅಚ್ಚುಕೂಟದವರು, ಭಿಕ್ಷುಕರು, ಕುಸ್ತಿಪಟುಗಳು, ದೊಡ್ಡ ಮನುಷ್ಯರು, ಕುಳ್ಳರು, ದೈತ್ಯರು ಎಲ್ಲರೂ ಬಂದು ಊದಿ ಹೋದರು. ಎತ್ತರ ಒಂದು ಅಂಗುಲ ಹೆಚ್ಚಿದಂತೆ ಉಸಿರು ಎಂಟು ಘನ ಅಂಗುಲ ಹೆಚ್ಚುತ್ತದೆಂಬ ಸೂತ್ರವನ್ನು ಕಂಡುಹಿಡಿದನು. ಅಮೆರಿಕದಿಂದ ಬಂದ ಫ್ರೀಮನ್ ಎಂಬ ದೈತ್ಯಕಾಯದ ಮಲ್ಲನೊಬ್ಬನನ್ನು ಅವನು ಅಳೆದಿದ್ದನು. ಕೆಲವು ಕಾಲದ ತರುವಾಯ ಮತ್ತೆ ಅಳೆದಾಗ ಉಸಿರು ಬಹಳ ಇಳಿದಿತ್ತು. ಆ ಮಲ್ಲ ಕ್ಷಯದಿಂದ ಸತ್ತನು. ಒಬ್ಬನೇ ಮನುಷ್ಯನನ್ನು ಎರಡು ಸಲ ಅಳೆದದ್ದರ ಬೆಲೆ ಹಚಿನ್‌ಸನ್ನನಿಗೆ ಎಷ್ಟು ತಿಳಿದಿತ್ತೋ, ಮುಂದಿನವರು ಅದನ್ನು ಬಹುಕಾಲ ಮರೆತರು.

ಹಚಿನ್‌ಸನ್ ಜೀವವಿಮಾ ಕಂಪನಿಯೊಂದಕ್ಕೂ ವೈದ್ಯನಾಗಿದ್ದನು. ಯಾರು ಬೇಗ ಸಾಯುತ್ತಾರೆಂದು ತಿಳಿದರೆ ಕಂಪನಿಗೆ ಲಾಭವಷ್ಟೆ! ಆದರೆ ಯಂತ್ರ ಅವನ ಕಾಲದಲ್ಲಿ ಹೆಚ್ಚು ಹಬ್ಬಲಿಲ್ಲ. ೧೮೫೨ರಲ್ಲಿ ಅವನು ಎಲ್ಲವನ್ನೂ ಬಿಟ್ಟು ಆಸ್ಟ್ರೇಲಿಯದ ಚಿನ್ನದ ನೆಲಗಳಿಗೆ ಹೊರಟುಹೋದನು. ೧೮೬೧ರಲ್ಲಿ ಫಿಜಿ ದ್ವೀಪದಲ್ಲಿ ತೀರಿಕೊಂಡನು.

ಯಂತ್ರ ಕೆಟ್ಟ ಕೈಗಳಿಗೂ ಬಿತ್ತು. ಅಮೆರಿಕದ ದಕ್ಷಿಣದಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯನು ಗುಲಾಮರ ಉಸಿರು ಬಿಳಿಯರಿಗಿಂತ ಕಡಮೆಯೆಂದೂ, ಆದ್ದರಿಂದ ದಾಸ್ಯದ ದುಡಿಮೆಯೇ ಅವರ ಆರೋಗ್ಯಕ್ಕೆ ಹಿತವೆಂದೂ ೧೮೫೧ರಲ್ಲಿ ವಾದಿಸಿದನು. ಹೊಟ್ಟೆಗಿಲ್ಲದವನ ಎದೆಯನ್ನು ಉಂಡವನ ಎದೆಗೆ ಹೋಲಿಸಿ ಜಾತಿಯ ದೋಷವೆನ್ನುವುದು ಎಲ್ಲ ದೇಶಗಳಲ್ಲಿಯೂ ಇರುವ ವಿದ್ಯೆ. ಅದಕ್ಕೊಂದು ಯಂತ್ರದ ಸಾಕ್ಷಿ ಸಿಕ್ಕಿತು.

ನಮ್ಮ ದೇಶದಲ್ಲಿ ಉಸಿರನ್ನು ಅಳೆಯಲು ಹೊರಟವರಿಗೂ ಈ 'ಕಡಮೆ' ಎದುರಾಯಿತು. ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನ ಮೊದಲ ಭಾರತೀಯ ಡೀನರಾದ ಶರೀರಶಾಸ್ತ್ರಜ್ಞ ಸೋಹನ್ ಲಾಲ್ ಭಾಟಿಯಾ ಅವರು ೧೯೨೯ರಲ್ಲಿ ಈ ವಿಷಯವಾಗಿ ಲೇಖನ ಬರೆದರು. ವೈದ್ಯಚರಿತ್ರೆಯ ದೊಡ್ಡ ಸಂಗ್ರಾಹಕರಾದ ಇವರು ಬೆಂಗಳೂರಿನಲ್ಲಿ ನೆಲೆಸಿ, ತಮ್ಮ ಸಂಗ್ರಹವನ್ನು ೧೯೭೪ರಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜಿಗೆ ಕೊಟ್ಟರು. ಅಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯವೇ ಇದೆ. ೧೯೩೨ರಲ್ಲಿ ಕೃಷ್ಣನ್ ಮತ್ತು ವರೀದ್ ಎಂಬಿಬ್ಬರು ದಕ್ಷಿಣ ಭಾರತದ ೧೦೩ ಮಂದಿ ವೈದ್ಯವಿದ್ಯಾರ್ಥಿಗಳ ಉಸಿರನ್ನು ಅಳೆದು ಪ್ರಕಟಿಸಿದರು. ಬಳ್ಳಾರಿ ಜಿಲ್ಲೆ ಆಗ ಮದರಾಸು ಪ್ರಾಂತ್ಯದಲ್ಲಿಯೇ ಇತ್ತು. ೧೯೫೩ರ ಅಕ್ಟೋಬರ್ ೧ರಂದು ಮೈಸೂರಿಗೆ ಸೇರಿತು. ಆದ್ದರಿಂದ ಆ ೧೦೩ ಮಂದಿ ಒಂದು ರೀತಿಯಲ್ಲಿ ನಮ್ಮವರೇ. ಅವರ ಉಸಿರಿನ ಮೊತ್ತ ಪಾಶ್ಚಾತ್ಯರಿಗಿಂತ ಕಡಮೆ ಬಂತು. ಇವರು ರೋಗಿಗಳಲ್ಲ, ಆರೋಗ್ಯವಂತ ತರುಣರು. ಹಾಗಾದರೆ 'ಸರಿ' ಎಂಬುದು ಯಾರ ಸರಿ? ಯೂರೋಪಿನ ಪಟ್ಟಿಯನ್ನು ಹಿಡಿದರೆ ನಮ್ಮಲ್ಲಿ ಅರ್ಧಕ್ಕರ್ಧ ರೋಗಿಗಳಾದಾರು. ನಮ್ಮದೇ ಪಟ್ಟಿ ಮಾಡಿಕೊಂಡರೆ ಬಡತನವೂ ಹೊಗೆಯೂ ಕುಗ್ಗಿಸಿದ ಎದೆಯನ್ನೇ ಸರಿಯೆಂದು ಒಪ್ಪಿಕೊಂಡಂತಾದೀತು. ಈ ಇಕ್ಕಟ್ಟು ಇಂದಿಗೂ ಪೂರ್ತಿ ಬಿಟ್ಟಿಲ್ಲ. ೨೦೧೨ರಲ್ಲಿ ಸಿದ್ಧವಾದ ಜಾಗತಿಕ ಸೂತ್ರಗಳಲ್ಲಿ ಭಾರತೀಯರಿಗೆ ಪ್ರತ್ಯೇಕ ವರ್ಗವಿರಲಿಲ್ಲ. 'ಇತರರು' ಎಂಬ ಕೋಣೆಯಲ್ಲಿ ಕೂರಬೇಕಾಗಿತ್ತು. ಜನಾಂಗದ ಹೆಸರಿನಲ್ಲಿ ಬೇರೆ ಬೇರೆ ಸೂತ್ರ ಹಚ್ಚುವುದನ್ನು ಬಿಡಬೇಕೆಂದು ಅಮೆರಿಕದ ಶ್ವಾಸವೈದ್ಯರ ಸಂಘ ಹೇಳಿದ್ದು ೨೦೨೩ರಲ್ಲಿ.

ಹಾಗಿರಲಿ. ಹಚಿನ್‌ಸನ್ನನ ಯಂತ್ರ ಉಬ್ಬಸಕ್ಕೆ ಸಾಲಲಿಲ್ಲವೆಂಬುದು ಪ್ರಕೃತ ವಿಷಯ. ಅದು ಮೊತ್ತವನ್ನು ಹೇಳಿತು, ವೇಗವನ್ನು ಹೇಳಲಿಲ್ಲ. ಉಬ್ಬಸದವನಿಗೆ ಸಾಕಷ್ಟು ಹೊತ್ತು ಕೊಟ್ಟರೆ ಅವನೂ ತಿಣುಕಿ ತಿಣುಕಿ ಬಹುಪಾಲು ಗಾಳಿಯನ್ನು ಊದಿ ಮುಗಿಸಿಯಾನು. ೧೯೪೭ರಲ್ಲಿ, ನಾವು ಸ್ವಾತಂತ್ರ್ಯದ ಸಂಭ್ರಮದಲ್ಲಿದ್ದ ವರ್ಷ, ಪ್ಯಾರಿಸ್ಸಿನ ರಾಬರ್ಟ್ ಟಿಫನೋ ಮತ್ತು ಪಿನೆಲ್ಲಿ ಎಂಬವರು ಒಂದು ಚಿಕ್ಕ ಬದಲಾವಣೆ ಮಾಡಿದರು. ಎದೆ ತುಂಬ ಗಾಳಿ ಎಳೆದು ಬಲವಾಗಿ ಊದಿದಾಗ ಮೊದಲನೆಯ ಒಂದು ಸೆಕೆಂಡಿನಲ್ಲಿ ಹೊರಬಂದದ್ದು ಎಷ್ಟು? ಅಷ್ಟನ್ನೇ ಬೇರೆಯಾಗಿ ಅಳೆದರು. ಆರೋಗ್ಯವಂತ ಯುವಕನ ಗಾಳಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಆ ಒಂದು ಸೆಕೆಂಡಿನಲ್ಲಿಯೇ ಹೊರಬೀಳುತ್ತದೆ. ನಾಳ ಕಿರಿದಾಗಿದ್ದರೆ ಬೀಳುವುದಿಲ್ಲ. ತಮ್ಮ ಲೇಖನಕ್ಕೆ ಅವರು ಇಟ್ಟ ಹೆಸರನ್ನು ಕನ್ನಡಿಸಿದರೆ 'ಹರಿಯುವ ಗಾಳಿ, ಸೆರೆಸಿಕ್ಕ ಗಾಳಿ' ಎಂದಾಗುತ್ತದೆ. ಉಬ್ಬಸವನ್ನು ಇದಕ್ಕಿಂತ ಚೆನ್ನಾಗಿ ಬಣ್ಣಿಸಿದ ವೈದ್ಯರ ಮಾತನ್ನು ನಾನು ಕಂಡಿಲ್ಲ.

ಇಂದು ದೊಡ್ಡ ಆಸ್ಪತ್ರೆಗಳಲ್ಲಿ ನಡೆಯುವ ಪರೀಕ್ಷೆಯೂ ತಿರುಳಿನಲ್ಲಿ ಇದೇ. ಮೂಗಿಗೆ ಚಿಮಟ ಹಾಕಿ, ಕೊಳವೆಯನ್ನು ತುಟಿಗಳಿಂದ ಬಿಗಿಹಿಡಿಸಿ, "ಜೋರಾಗಿ ಊದಿ, ಊದಿ, ಇನ್ನೂ ಊದಿ" ಎಂದು ಪಕ್ಕದಲ್ಲಿ ನಿಂತವರು ಹುರಿದುಂಬಿಸುತ್ತಾರೆ. ಕಬಡ್ಡಿಯ ಅಂಗಳದ ಗದ್ದಲ ನೆನಪಿಗೆ ಬರುತ್ತದೆ. ಆಮೇಲೆ ನಾಳವನ್ನು ಸಡಿಲಿಸುವ ಸಾಲ್ಬುಟಮಾಲ್ ಮದ್ದನ್ನು ಎಳೆದುಕೊಳ್ಳಲು ಕೊಟ್ಟು, ಕಾಲು ಗಂಟೆ ಕಳೆದು ಮತ್ತೆ ಊದಿಸುತ್ತಾರೆ. ಮೊದಲ ಸೆಕೆಂಡಿನ ಗಾಳಿ ಶೇಕಡಾ ೧೨ಕ್ಕಿಂತಲೂ ೨೦೦ ಮಿಲಿಲೀಟರಿಗಿಂತಲೂ ಹೆಚ್ಚಿದರೆ, ಮುಚ್ಚಿದ ದಾರಿ ಮದ್ದಿನಿಂದ ತೆರೆಯುವಂಥದು ಎಂದು ಅರ್ಥ. ಉಬ್ಬಸದ ಪಕ್ಷಕ್ಕೆ ಇದು ಬಲವಾದ ಸಾಕ್ಷಿ. ಬೀಡಿಯಿಂದ ಕೆಟ್ಟ ಎದೆಯಲ್ಲಿ ಸಾಮಾನ್ಯವಾಗಿ ಇಷ್ಟು ತೆರೆಯುವುದಿಲ್ಲ. ಒಂದು ಊದು ಚಿತ್ರವನ್ನು ಕೊಟ್ಟರೆ, ಎರಡು ಊದುಗಳ ನಡುವಿನ ಅಂತರ ರೋಗದ ಗುಣವನ್ನು ಹೇಳುತ್ತದೆ. ಐದು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಹೀಗೆ ಊದಲು ಬಾರದು. ಅವರ ವಿಷಯದಲ್ಲಿ ವೈದ್ಯರು ಇಂದಿಗೂ ಲಕ್ಷಣಗಳನ್ನೇ ನಂಬಬೇಕು. ಹೊರಬಿಟ್ಟ ಉಸಿರಿನಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವಿರುವುದು ೧೯೯೧ರಲ್ಲಿ ಗೊತ್ತಾಗಿ, ಉಬ್ಬಸದವರಲ್ಲಿ ಅದು ಹೆಚ್ಚೆಂದು ೧೯೯೩ರಲ್ಲಿ ತಿಳಿದು, ಅದನ್ನಳೆಯುವ ಯಂತ್ರಗಳೂ ಬಂದಿವೆ. ಬೆಲೆ ಹೆಚ್ಚು, ನಮ್ಮ ಕಥೆಗೆ ಅದು ಬೇಡ.

ನಮ್ಮ ಕಥೆಗೆ ಬೇಕಾದ ಯಂತ್ರ ಹುಟ್ಟಿದ್ದು ಧೂಳಿನಿಂದ. ಇಲ್ಲಿ ಕೋಲಾರದ ಮಾತು ಬರುತ್ತದೆ. ಚಿನ್ನದ ಗಣಿಯ ಬಂಡೆಯನ್ನು ಕೊರೆಯುವಾಗ ಏಳುವ ಸಣ್ಣ ಧೂಳು ಎದೆಗಿಳಿದು ಸಿಲಿಕೋಸಿಸ್ ಎಂಬ ರೋಗವಾಗುತ್ತದೆ. ೧೯೪೦ರಿಂದ ೧೯೪೬ರವರೆಗೆ ಅಲ್ಲಿ ೭೬೫೩ ಕೆಲಸಗಾರರನ್ನು ಪರೀಕ್ಷಿಸಿದಾಗ ಶೇಕಡಾ ೪೩.೭ ಮಂದಿಯಲ್ಲಿ ಈ ರೋಗ ಕಂಡಿತು. ೨೦೦೧ರಲ್ಲಿ ಮುಚ್ಚಿದ ಆ ಗಣಿಗಳ ಚಿನ್ನದ ಲೆಕ್ಕ ಎಲ್ಲರಿಗೂ ಗೊತ್ತು. ಈ ಲೆಕ್ಕ ಗೊತ್ತಿರುವವರು ವಿರಳ. ಅದೇ ಕಾಲದಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತದ ಕಲ್ಲಿದ್ದಲು ಗಣಿಗಳಲ್ಲಿಯೂ ಇಂಥ ಎದೆಗಳು ಸಾವಿರಾರು ಇದ್ದುವು. ಅವರಿಗಾಗಿ ೧೯೪೫ರಲ್ಲಿ ಕಾರ್ಡಿಫ್ ಬಳಿ ಒಂದು ಸಂಶೋಧನಾ ಘಟಕ ತೆರೆಯಿತು. ಮಾರ್ಟಿನ್ ರೈಟ್ ಎಂಬ ವೈದ್ಯ, ಕೈಯಲ್ಲಿ ಸದಾ ಏನಾದರೊಂದು ಯಂತ್ರ ಮಾಡುತ್ತಿರುವ ಸ್ವಭಾವದವನು, ಅಲ್ಲಿ ಕೆಲಸಕ್ಕೆ ಬಂದನು. ಸಾಲುಗಟ್ಟಿ ನಿಂತ ಗಣಿಗಾರರನ್ನು ನೀರಿನ ತೊಟ್ಟಿಯ ಯಂತ್ರದಲ್ಲಿ ಒಬ್ಬೊಬ್ಬರನ್ನಾಗಿ ಊದಿಸುವುದು ಆಗದ ಮಾತು. ಸೆಕೆಂಡಿನ ಲೆಕ್ಕವನ್ನೂ ಕೈಬಿಟ್ಟು, ಊದುವಾಗ ಗಾಳಿ ಮುಟ್ಟುವ ಅತ್ಯಂತ ಹೆಚ್ಚಿನ ವೇಗ ಒಂದನ್ನೇ ತೋರಿಸುವ ಉಪಕರಣವನ್ನು ರೈಟ್ ಮಾಡಿದನು. ಅವನೂ ಮೆಕೆರೋ ಎಂಬವನೂ ಕೂಡಿ ೧೯೫೯ರಲ್ಲಿ ಅದನ್ನು ಪ್ರಕಟಿಸಿದರು. ಅದಕ್ಕೆ ಪೀಕ್ ಫ್ಲೋ ಮೀಟರು ಎಂದು ಹೆಸರಾಯಿತು. ಕುಡಿದು ವಾಹನ ಓಡಿಸುವವರ ಬಾಯಿಗೆ ಪೋಲೀಸರು ಹಿಡಿಯುವ ಯಂತ್ರದಲ್ಲಿಯೂ ಇದೇ ರೈಟನ ಕೈವಾಡವಿತ್ತು.

ಮೊದಲಿನ ಉಪಕರಣ ಡಬ್ಬಿಯಂತೆ ದಪ್ಪ, ಭಾರ. ೧೯೭೦ರ ದಶಕದಲ್ಲಿ ಅದು ಒಂದು ಪ್ಲಾಸ್ಟಿಕ್ ಕೊಳವೆಯಾಯಿತು. ಒಳಗೊಂದು ಸ್ಪ್ರಿಂಗು, ಮೇಲೊಂದು ಮುಳ್ಳು, ಪಕ್ಕದಲ್ಲಿ ಅಂಕಿಗಳು. ನಿಂತುಕೊಂಡು, ಎದೆ ತುಂಬ ಉಸಿರೆಳೆದು, ಒಮ್ಮೆ ರಭಸದಿಂದ ಊದಿದರೆ ಮುಳ್ಳು ಮುಂದೆ ಹಾರಿ ನಿಲ್ಲುತ್ತದೆ. ಮೂರು ಸಲ ಊದಿ ಹೆಚ್ಚಿನದನ್ನು ಬರೆದುಕೊಳ್ಳಬೇಕು. ವಿದ್ಯುತ್ತು ಬೇಡ, ಕಂಪ್ಯೂಟರು ಬೇಡ, ಅಕ್ಷರ ಬಾರದವರೂ ಮುಳ್ಳು ನಿಂತ ಜಾಗಕ್ಕೆ ಗೆರೆ ಹಾಕಿಕೊಳ್ಳಬಹುದು. ಎಲ್ಲ ಅಳತೆಗೋಲುಗಳಂತೆ ಇದಕ್ಕೂ ದೋಷವುಂಟು: ರೈಟನ ಅಂಕಿಪಟ್ಟಿಯೇ ನಡುವೆ ಸ್ವಲ್ಪ ವಕ್ರವೆಂದು ತಿಳಿದು, ೨೦೦೪ರಲ್ಲಿ ಬ್ರಿಟನ್ನು ಹೊಸ ಪಟ್ಟಿಗೆ ಬದಲಾಯಿಸಿತು. ಊದುವವನು 'ತೂ' ಎಂದು ಉಗುಳಿದಂತೆ ಮಾಡಿದರೆ ಸುಳ್ಳು ಅಂಕಿ ಬರುತ್ತದೆ. ರೋಗವನ್ನು ನಿರ್ಧರಿಸಲು ಸ್ಪೈರೊಮೀಟರೇ ಮೇಲು. ಅದು ಸಿಗದ ಕಡೆ ಇದು, ದಿನದಿನದ ಕಾವಲಿಗೂ ಇದು.

ಇದರ ನಿಜವಾದ ಹಿರಿಮೆ ಬೆಲೆಯಲ್ಲಿಲ್ಲ, ಹಗುರಿನಲ್ಲಿಯೂ ಇಲ್ಲ. ಪರೀಕ್ಷೆ ವೈದ್ಯನ ಕೋಣೆಯಿಂದ ಎದ್ದು ರೋಗಿಯ ಮನೆಗೆ ಬಂದುದರಲ್ಲಿದೆ. ಬಂದು ಹೋಗುವ ರೋಗವನ್ನು ಬಂದ ಗಳಿಗೆಯಲ್ಲಿಯೇ ಹಿಡಿಯಬೇಕು. ರಾತ್ರಿ ಮೂರು ಗಂಟೆಗೆ ಇಟ್ಟಿಗಿಯಲ್ಲಿ ಎಚ್ಚರವಿರುವವನು ಡಾಕ್ಟರಲ್ಲ, ರೋಗಿ. ಎರಡನೆಯದಾಗಿ, ಮೇಲೆ ಹೇಳಿದ 'ಯಾರ ಸರಿ' ಎಂಬ ಇಕ್ಕಟ್ಟು ಇಲ್ಲಿ ಬಹುಮಟ್ಟಿಗೆ ಕರಗಿಹೋಗುತ್ತದೆ. ನೆಮ್ಮದಿಯ ದಿನಗಳಲ್ಲಿ ಅವನೇ ಊದಿದ ಅತಿ ಹೆಚ್ಚಿನ ಅಂಕಿಯೇ ಅವನ ಅಳತೆಗೋಲು. ಅದರ ನೂರಕ್ಕೆ ಎಂಬತ್ತರ ಮೇಲಿದ್ದರೆ ಹಸಿರು, ಐವತ್ತರಿಂದ ಎಂಬತ್ತರವರೆಗೆ ಹಳದಿ, ಐವತ್ತಕ್ಕಿಂತ ಇಳಿದರೆ ಕೆಂಪು, ಆಸ್ಪತ್ರೆಗೆ ಓಡಬೇಕು. ಲಂಡನ್ನಿನ ನಾವಿಕನೂ ಬೇಡ, ಮದರಾಸಿನ ವಿದ್ಯಾರ್ಥಿಯೂ ಬೇಡ. ನಿನ್ನೆಯ ತಾನೇ ಇಂದಿನ ತನಗೆ ಒರೆಗಲ್ಲು.

ಕರ್ನಾಟಕದಲ್ಲಿ ಈ ರೋಗ ಎಷ್ಟಿದೆ? ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಅವರು ೨೦,೦೦೦ ಮಕ್ಕಳನ್ನು ಆಸ್ಪತ್ರೆಯಲ್ಲಿ ನೋಡಿ, ಉಬ್ಬಸದ ಪ್ರಮಾಣ ೧೯೭೯ರಲ್ಲಿ ಶೇಕಡಾ ೯ ಇದ್ದುದು ೧೯೯೯ರಲ್ಲಿ ೨೯.೫ ಆಯಿತೆಂದು ಬರೆದರು. ಆಸ್ಪತ್ರೆಗೆ ಬಂದವರ ಲೆಕ್ಕವೆಂಬುದನ್ನು ಮರೆಯಬಾರದು. ಆದರೂ ಆ ಏರಿಕೆ ನಗರದ ಗಾಳಿಯ ಕಥೆಯನ್ನು ಹೇಳುತ್ತದೆ. ಪಟ್ಟಣದ ಮಕ್ಕಳ ಮತ್ತು ಹಳ್ಳಿಯ ಮಕ್ಕಳ ಪೀಕ್ ಫ್ಲೋ ಅಂಕಿಗಳನ್ನೂ ಅವರು ೨೦೦೩ರಲ್ಲಿ ಪ್ರಕಟಿಸಿದರು. ಬೆಂಗಳೂರೂ ಸೇರಿದಂತೆ ದೇಶದ ಹಲವು ಕೇಂದ್ರಗಳಲ್ಲಿ ನಡೆದು ೨೦೧೨ರಲ್ಲಿ ಪ್ರಕಟವಾದ ಸಮೀಕ್ಷೆ, ಹದಿನೈದು ದಾಟಿದವರಲ್ಲಿ ಶೇಕಡಾ ೨.೦೫ ಮಂದಿಗೆ ಉಬ್ಬಸವೆಂದಿತು. ಅದು ಪ್ರಶ್ನೆ ಕೇಳಿ ಬರೆದುಕೊಂಡ ಲೆಕ್ಕ. ಮಗಳ ಮದುವೆ ಆಗಬೇಕಾದ ಮನೆಯಲ್ಲಿ "ದಮ್ಮು ಉಂಟೇ" ಎಂದು ಕೇಳಿದರೆ ಬರುವ ಉತ್ತರವೇನೆಂಬುದು ಓದುಗರಿಗೆ ತಿಳಿದದ್ದೇ. ಮುಳ್ಳಿಗೆ ಮದುವೆಯ ಚಿಂತೆ ಇಲ್ಲ.

ಹಳ್ಳಿಯವರು ಅಜ್ಞಾನದಿಂದ ಆಸ್ಪತ್ರೆಗೆ ಬರುವುದಿಲ್ಲವೆಂದು ಹೇಳುವ ರೂಢಿಯುಂಟು. ಈ ಮಾತನ್ನು ಬಹಳ ಹಿಂದೆಯೇ ಸುಳ್ಳು ಮಾಡಿದ್ದು ತುಮಕೂರು ಜಿಲ್ಲೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಪರವಾಗಿ ಬ್ಯಾನರ್ಜಿ ಮತ್ತು ಆಂಡರ್ಸನ್ ಅಲ್ಲಿ ವಿಚಾರಿಸಿ ೧೯೬೩ರಲ್ಲಿ ಪ್ರಕಟಿಸಿದ ವರದಿಯಂತೆ, ಕ್ಷಯವಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅವರ ಕೈಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಸೀಸೆ. ಉಬ್ಬಸದವರ ಪಾಡೂ ಹೆಚ್ಚು ಬೇರೆಯಲ್ಲ. ಕೈಗೆಟುಕಿದ್ದು ಫಲಿಸದೆ ಹೋದಾಗ ಮೃಗಶಿರೆ ಕೂಡುವ ದಿನ ಹೈದರಾಬಾದಿಗೆ ಹೋಗಿ ಜೀವಂತ ಮೀನಿನ ಬಾಯಲ್ಲಿಟ್ಟ ಮದ್ದನ್ನು ನುಂಗಿ ಬರುವವರೂ ಉಂಟು. ನುಂಗುವ ಮೊದಲೊಮ್ಮೆ, ಆಮೇಲೊಮ್ಮೆ ಕೊಳವೆಯಲ್ಲಿ ಊದಿ ನೋಡಿದ್ದರೆ ವಾದವೇ ಇರುತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆಂದು ೨೦೧೦ರಲ್ಲಿ ಸೂಚಿಸಿದ ಸಾಮಗ್ರಿಗಳ ಪಟ್ಟಿಯಲ್ಲಿ ಪೀಕ್ ಫ್ಲೋ ಮೀಟರಿನ ಹೆಸರಿದೆ. ಆದರೂ ದೇಶದ ಗ್ರಾಮಾಂತರದಲ್ಲಿ ಅದನ್ನು ಕಂಡವರು ಕಡಮೆ. 'ಪಂಪು' ಎಂದು ಕರೆಯುವ ಇನ್‌ಹೇಲರನ್ನು ಕಂಡವರು ಇದ್ದಾರೆ, ಆದರೆ ಅದು ಕಡೆಗಾಲದ ಮದ್ದೆಂದು ಹೆದರುತ್ತಾರೆ.

ಊದಿ ಅಳೆಯುವುದು ನಮ್ಮ ಹೆಂಗಸರಿಗೆ ಹೊಸದೇನೂ ಅಲ್ಲ. ರೈಟನ ಉಪಕರಣ ಬಂದ ೧೯೫೯ರಲ್ಲಿಯೇ ಅಮೆರಿಕದ ಸ್ನೈಡರ್ ಮುಂತಾದವರು ಒಂದು ಬಡವರ ಪರೀಕ್ಷೆ ಹೇಳಿದರು: ಉರಿಯುವ ಬೆಂಕಿಕಡ್ಡಿಯನ್ನು ಬಾಯಿಂದ ಆರು ಅಂಗುಲ ದೂರ ಹಿಡಿದು, ತುಟಿ ಕೂಡಿಸದೆ ಬಾಯಿ ತೆರೆದೇ ಊದಿ ಆರಿಸಬೇಕು, ಆರಿಸಲಾಗದಿದ್ದರೆ ನಾಳ ಕಟ್ಟಿದೆ. ನಮ್ಮ ಅಡಿಗೆಮನೆಯಲ್ಲಿ ಬೆಂಕಿ ಆರಿಸುವುದಲ್ಲ, ಹೊತ್ತಿಸುವುದು ಪರೀಕ್ಷೆ. "ಮೊದಲಿನಂಗ ಒಲಿ ಊದಾಕ ಆಗವಲ್ದು" ಎಂದು ಊದುಗೊಳವೆಯನ್ನು ಸೊಸೆಯ ಕೈಗೆ ಕೊಟ್ಟ ಅತ್ತೆ ತನ್ನ ಪೀಕ್ ಫ್ಲೋ ಇಳಿದಿರುವುದನ್ನೇ ವರದಿ ಮಾಡುತ್ತಿದ್ದಾಳೆ. ಆ ಇಳಿತಕ್ಕೆ ಆ ಒಲೆಯ ಹೊಗೆಯೂ ಒಂದು ಕಾರಣವೆಂಬುದು ಬೇರೆ ಮಾತು. ಗ್ಯಾಸಿನ ಸಿಲಿಂಡರು ಬಂದ ಮನೆಗಳಲ್ಲಿ ಊದುಗೊಳವೆ ಅಟ್ಟ ಸೇರಿದೆ, ಹೊಗೆ ಕಡಮೆಯಾಗಿದೆ. ಹೊಲದ ಬದುವಿನಲ್ಲಿ ಪಾರ್ಥೇನಿಯಂ ಇದೆ, ಕಣದಲ್ಲಿ ಹೊಟ್ಟು ಇದೆ.

ಹಾಗೆ ಕಣದಲ್ಲಿ ದುಡಿಯುವ ಒಬ್ಬ ಹೆಂಗಸಿನ ಕೈಗೆ ಈ ಕೊಳವೆ ಬಂತೆಂದು ಊಹಿಸೋಣ. ಮಗ ಶಾಲೆಯ ನೋಟುಪುಸ್ತಕದಲ್ಲಿ ಬೆಳಿಗ್ಗೆ, ಸಂಜೆ ಅಂಕಿ ಬರೆಯುತ್ತಾನೆ. ಅವಳ ನೆಮ್ಮದಿಯ ದಿನದ ಅಂಕಿ ೩೮೦. ಸೋಮವಾರ ಬೆಳಿಗ್ಗೆ ೩೦೦, ಸಂಜೆ ೩೭೦. ಬುಧವಾರ ಮೆಕ್ಕೆಜೋಳ ಬಿಡಿಸುವ ಮಷೀನು ಬಂತು. ಗುರುವಾರ ಬೆಳಿಗ್ಗೆ ೨೩೦, ಸಂಜೆ ೩೧೦. ಶುಕ್ರವಾರ ಬೆಳಿಗ್ಗೆ ೨೪೦. ರಾಶಿ ಮುಗಿದ ಮೇಲೆ, ಮುಂದಿನ ವಾರ, ೩೫೦, ೩೮೦. ಮುಂಜಾನೆ ಕುಸಿದು ಸಂಜೆಗೆ ಏರುವ ಈ ಹಲ್ಲಿನ ಗೆರೆ ಉಬ್ಬಸದ ಸಹಿ; ಕ್ಷಯವೂ ಬೀಡಿಯ ಎದೆಯೂ ಹೀಗೆ ಸಹಿ ಹಾಕುವುದು ಅಪರೂಪ. ಅವಳು ಬಸ್ಸಿಳಿದು ಡಾಕ್ಟರ ಮುಂದೆ ಕುಳಿತಾಗ ಎದೆ ಹಗುರಾಗಿಯೇ ಇರಬಹುದು, ಸ್ಟೆತಾಸ್ಕೋಪಿಗೆ ಏನೂ ಕೇಳಿಸದಿರಬಹುದು. ನೋಟುಪುಸ್ತಕವನ್ನು ಮೇಜಿನ ಮೇಲಿಟ್ಟರೆ, ಡಾಕ್ಟರರು ಕೇಳುವ ಮೊದಲ ಪ್ರಶ್ನೆ ಆ ಬುಧವಾರದ್ದಾಗಿರುತ್ತದೆ.